ಸುಮ್ಮನೆ ಇಳಿಯುವ ನೀರು

ನೆಂಟರ ಮನೆಯ ಊಟಕ್ಕೆ ಕೂತರೂ ನನ್ನ ಕಣ್ಣು ನನ್ನ ತಾಟಿನ ಮೇಲೆ ನಿಲ್ಲುವುದಿಲ್ಲ. ಎದುರಿಗೆ ಕೂತ ವಯಸ್ಸಾದವರ ಕೊರಳಿಗೆ ಹೋಗಿ ಅಂಟಿಕೊಳ್ಳುತ್ತದೆ. ತುತ್ತು ಬಾಯಿಗೆ ಹೋಯಿತು, ಅಗಿದರು, ಈಗ ಗಂಟಲಿನ ಗಂಟು ಮೇಲಕ್ಕೆ ಏರಬೇಕು. ಏರಿತು, ಇಳಿಯಿತು. ಅದಾದ ಮೇಲೆ ನಾನು ನನ್ನ ತುತ್ತು ಎತ್ತುತ್ತೇನೆ. ಒಮ್ಮೆ ಸೊಲ್ಲಾಪುರ ರಸ್ತೆಯಲ್ಲಿರುವ ನಮ್ಮ ಬೀಗರು ಅರ್ಧ ಊಟಕ್ಕೇ ಕೈ ನಿಲ್ಲಿಸಿ, ತಾವು ತಿಂದದ್ದು ಹೆಚ್ಚಾಯಿತೇನು ಎಂದು ನನ್ನನ್ನು ಕೇಳಿಬಿಟ್ಟಿದ್ದರು. ನೌಕರಿ ಮುಗಿದರೂ ಈ ಚಟ ಹೋಗಿಲ್ಲ. ಚಟ ಎಂದು ಬರೆದೆ, ನಿಜವಾಗಿ ಅದು ಅಂಜಿಕೆ.

ನಾನು ವಿಜಯಪುರದ ಒಂದು ಆಸ್ಪತ್ರೆಗೆ ಮಾತಿನ ಚಿಕಿತ್ಸಕನಾಗಿ ಸೇರಿದವನು. ತೊದಲುವ ಮಕ್ಕಳಿಗೆ, ಕಿವಿ ಮಂದವಾದವರಿಗೆ, ಲಕ್ವಾ ಹೊಡೆದು ಮಾತು ಹೋದವರಿಗೆ ಮಾತು ತಿದ್ದುವುದೇ ನನ್ನ ಕೆಲಸ ಅಂದುಕೊಂಡಿದ್ದೆ. ಆದರೆ ಮಾತು ಬರುವ ಬಾಗಿಲಲ್ಲೇ ಅನ್ನವೂ ಹೋಗಬೇಕಲ್ಲ. ಮಾತು ಹೋದವರಲ್ಲಿ ಬಹಳ ಮಂದಿಗೆ ನುಂಗುವುದೂ ಹೋಗಿರುತ್ತಿತ್ತು. ಒಬ್ಬೊಬ್ಬರಾಗಿ ಅವರೂ ನನ್ನ ಕೋಣೆಗೆ ಬಂದರು. ಕೊನೆಗೆ ವಾರ್ಡಿನ ಮಂದಿ ನನಗೆ "ಗಂಟಲ ಮಾಸ್ತರ" ಎಂದೇ ಹೆಸರಿಟ್ಟರು.

ಈಗ ಈ ಕೆಲಸಕ್ಕೆ ಹೊಸ ಮಕ್ಕಳು ಬರುತ್ತಿದ್ದಾರೆ. ನನಗಿಂತ ಹೆಚ್ಚು ಓದಿದವರು. ಅವರ ಪುಸ್ತಕದಲ್ಲಿ ಇರುವುದನ್ನು ನಾನು ಹೇಳಬೇಕಾಗಿಲ್ಲ. ಹೆದರಿಕೆ ಮಾತ್ರ ಪುಸ್ತಕದಲ್ಲಿ ಇಲ್ಲ, ಅದಕ್ಕೇ ನಿಡೋಣಿಯ ಕಾಶವ್ವನ ಸಂಗತಿ ಹೇಳುತ್ತೇನೆ. ನಡುವೆ ಬೇರೆಯವರೂ ಬಂದು ಹೋಗುತ್ತಾರೆ. ಟಿಕೋಟಾದಲ್ಲಿ ನನ್ನನ್ನು ಬೆಳೆಸಿದ ನಾನಿ, ಅಂದರೆ ನನ್ನ ತಾಯಿಯ ತಾಯಿ, ಕಥೆ ಹೇಳುವಾಗ ಹೀಗೇ ದಾರಿ ಬಿಟ್ಟು ಹೋಗಿ ಮತ್ತೆ ದಾರಿಗೆ ಬರುತ್ತಿದ್ದಳು. ನನಗೆ ಮಾತು ಬಂದದ್ದೇ ಆಕೆಯಿಂದ.

ಕಾಶವ್ವ ಕುರಿ ಸಾಕುವ ಮನೆಯವಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದು, ಬಾಯಿ ಒಂದು ಕಡೆ ಸೊಟ್ಟಗಾಗಿ ಬಂದಳು. ಮನೆಯವರು ಪ್ರೀತಿಯಿಂದ ಬಾಯಿಗೆ ಚಹಾ ಹಾಕಿದ್ದರು. ಅದು ಹೊಟ್ಟೆಗೆ ಹೋಗದೆ ಎದೆಗೆ ಹೋಗಿ ನ್ಯುಮೋನಿಯಾ ಆಗಿತ್ತು. ಮೂಗಿನಿಂದ ನಳಿಕೆ ಹಾಕಿ, ಔಷಧ ಕೊಟ್ಟು, ಅಂತೂ ಉಳಿಸಿಕೊಂಡರು. ಆಮೇಲೆ ನನ್ನ ಪಾಳಿ. ಮೊದಲು ಬರೇ ನುಂಗುವ ಅಭ್ಯಾಸ, ಆಮೇಲೆ ಗಟ್ಟಿ ಅಂಬಲಿ ಚಮಚೆಯಲ್ಲಿ, ಕೊನೆಗೆ ಗದ್ದವನ್ನು ಎದೆಗೆ ಹಚ್ಚಿಕೊಂಡು ಸಣ್ಣ ಗುಟುಕು ನೀರು. ಎಲ್ಲ ಕಲಿತಳು. ನಗುನಗುತ್ತ ಮನೆಗೆ ಹೋದಳು. ಸ್ವಲ್ಪ ದಿನಕ್ಕೇ ಮತ್ತೆ ಜ್ವರ, ಮತ್ತೆ ಎದೆಯಲ್ಲಿ ಗೊರಗೊರ.

ವಾರ್ಡು ನೋಡುತ್ತಿದ್ದ ವೈದ್ಯೆ ಚಿಕ್ಕ ವಯಸ್ಸಿನವಳು, ಮುಚ್ಚಿಟ್ಟು ಮಾತಾಡುವವಳಲ್ಲ. ಈ ಸಲ ಉಳಿದಿದ್ದಾಳೆ, ಇನ್ನೊಮ್ಮೆ ಹೀಗಾದರೆ ಈ ಎದೆ ತಡೆಯುವುದಿಲ್ಲ, ಬಾಯಿಂದ ತಿನ್ನುವುದು ನಿಲ್ಲಿಸಿ ಹೊಟ್ಟೆಗೇ ನೇರ ನಳಿಕೆ ಕೂರಿಸೋಣ ಎಂದಳು. ಕಾಶವ್ವನಿಗೆ ಮಾತು ಪೂರ್ತಿ ತಿರುಗುತ್ತಿರಲಿಲ್ಲ. ಆದರೂ ಎಡಗೈಯಿಂದ ಹೊಟ್ಟೆ ಮುಚ್ಚಿಕೊಂಡು ಹೇಳಿದಳು:

"ಬಾಯಿ ಇರೂತನಕ ಬಾಯಿಲೇ ಉಣ್ತೀನಿ. ಹೊಟ್ಟಿಗೆ ತೂತ ಹೊಡಿಸ್ಕೊಂಡು ನಾ ಬದಕಾಂಗಿಲ್ಲ."

ವೈದ್ಯೆ ನನ್ನನ್ನು ಹೊರಗೆ ಕರೆದಳು. "ಸರ್, ಅಕಿ ನಿಮ್ಮ ಮುಂದ ಚಲೋ ನುಂಗ್ತಾಳ, ಮನೀಗೆ ಹೋದ್ರ ನೀರು ಎದಿಗೆ ಇಳೀತೈತಿ. ಎಲ್ಲಿ ತಪ್ಪಾಕತ್ತೈತಿ ನೀವ ಹುಡುಕ್ರಿ. ಸಿಗಲಿಲ್ಲಂದ್ರ ನಳಿಗಿ ಹಾಕೂದು, ಇಲ್ಲಾ ಕೈ ಬಿಡೂದು."

ಕೆಲಸ ನನ್ನ ತಲೆಯ ಮೇಲೆ ಬಂತು. ನುಂಗಿದಳೆಂದು ಹೇಳಿ ಕಳಿಸಿದವನೇ ನಾನಲ್ಲವೇ.

ಮೊದಲು ಅವಳ ಗಂಡ ಮಾಳಪ್ಪನನ್ನು ಕೂರಿಸಿಕೊಂಡೆ. ಸಂಬಂಧಿಕರಿಗೆ ಗಂಟಲು ಅರ್ಥವಾಗದಿದ್ದರೆ ನಾವು ಹೇಳಿದ್ದೆಲ್ಲ ಬರೇ ಪಥ್ಯವಾಗಿಬಿಡುತ್ತದೆ, ಪಥ್ಯವನ್ನು ಮನೆಯಲ್ಲಿ ಯಾರೂ ಬಹಳ ದಿನ ನಡೆಸುವುದಿಲ್ಲ. ಅದು ನಾನು ಕಲಿತ ಪಾಠ. ಪ್ರತಿಯೊಬ್ಬರಿಗೂ ಅವರವರ ಕೆಲಸದಿಂದಲೇ ಗಂಟಲನ್ನು ಹೇಳಿಕೊಡಬೇಕು.

ನಮ್ಮ ಗಂಟಲಲ್ಲಿ ಎರಡು ಕೊಳವೆ ಇವೆ ಎಂದೆ. ಮುಂದಿನದು ಉಸಿರಿನದು, ಹಿಂದಿನದು ಅನ್ನದ್ದು. ಉಸಿರು ಮೂಗಿನಿಂದ, ಅಂದರೆ ಮೇಲಿನ ಹಿಂಬದಿಯಿಂದ ಬಂದು ಮುಂದಿನ ಕೊಳವೆಗೆ ಹೋಗಬೇಕು. ಅನ್ನ ಬಾಯಿಂದ, ಅಂದರೆ ಮುಂಬದಿಯಿಂದ ಬಂದು ಹಿಂದಿನ ಕೊಳವೆಗೆ ಹೋಗಬೇಕು. ಎರಡೂ ಒಂದೇ ಜಾಗದಲ್ಲಿ ಅಡ್ಡ ಹಾಯುತ್ತವೆ. ದೊಡ್ಡ ರಸ್ತೆಗೆ ಕುರಿ ಹಿಂಡು ಅಡ್ಡ ಹೊಡೆಯುವಾಗ ನೀ ಏನು ಮಾಡುತ್ತೀ ಎಂದು ಕೇಳಿದೆ. ಬಡಿಗೆ ಅಡ್ಡ ಹಿಡಿದು ಗಾಡಿ ನಿಲ್ಲಿಸುತ್ತೇನೆ ಎಂದ. ಗಂಟಲೂ ಅದನ್ನೇ ಮಾಡುತ್ತದೆ ಎಂದೆ. ತುತ್ತು ಬಂದ ಕೂಡಲೇ ಅಂಗುಳಿನ ಮೆತ್ತನೆಯ ಭಾಗ ಮೇಲೆದ್ದು ಮೂಗಿನ ದಾರಿ ಮುಚ್ಚುತ್ತದೆ. ಧ್ವನಿಪೆಟ್ಟಿಗೆ, ಗಂಡಸರ ಕೊರಳಲ್ಲಿ ಉಬ್ಬಿ ಕಾಣುವ ಆ ಗಂಟು, ಮೇಲಕ್ಕೂ ಮುಂದಕ್ಕೂ ಜಿಗಿದು ನಾಲಿಗೆಯ ಬುಡದ ಅಡಿ ಅಡಗುತ್ತದೆ. ಎಲೆಯಂಥ ಒಂದು ಮುಚ್ಚಳ ಅದರ ಮೇಲೆ ಮಡಚಿಕೊಳ್ಳುತ್ತದೆ. ಮಾತಾಡಿಸುವ ಧ್ವನಿತಂತುಗಳು ಬಿಗಿಯಾಗಿ ಕೂಡಿಕೊಳ್ಳುತ್ತವೆ. ಅಷ್ಟು ಹೊತ್ತು ಉಸಿರು ನಿಂತಿರುತ್ತದೆ. ಆಗಲೇ ಅನ್ನನಾಳದ ಬಾಯಿ, ಬೇರೆ ಹೊತ್ತಿನಲ್ಲಿ ಬಿಗಿದು ಮುಚ್ಚಿರುವುದು, ಸಡಿಲವಾಗಿ ತೆರೆದು ತುತ್ತನ್ನು ಎಳೆದುಕೊಳ್ಳುತ್ತದೆ. ಹಿಂಡು ದಾಟಿತು, ಗಾಡಿ ಬಿಟ್ಟರು, ಉಸಿರು ನಡೆಯಿತು. ಇಷ್ಟೆಲ್ಲ ಆಗುವುದು ಕಣ್ಣು ಮಿಟುಕಿಸಿದಷ್ಟು ಹೊತ್ತಿನಲ್ಲಿ. ದಿನವಿಡೀ, ನಿದ್ದೆಯಲ್ಲೂ, ನಮಗೆ ತಿಳಿಯದೆ.

ಮಾಳಪ್ಪ ತನ್ನ ಕೊರಳಿಗೆ ಬೆರಳು ಹಚ್ಚಿಕೊಂಡು ಒಮ್ಮೆ ಉಗುಳು ನುಂಗಿದ. ಆಮೇಲೆ ಕೇಳಿದ:

"ಒಂದ ಮರಿ ಹಿಂದ ಉಳದ್ರ? ಹಿಂಡು ದಾಟೇತಿ ಅಂತ ಗಾಡಿ ಬಿಟ್ಟಿರತೀವಿ, ಅದು ಆಮ್ಯಾಲೆ ಓಡಿ ಬರತೈತಿ."

ನಾನು ಹೆದರುವುದು ಅದಕ್ಕೇ. ಗಂಟಲ ಗೋಡೆಯಲ್ಲಿ ಕಿಸೆಗಳಂಥ ತಗ್ಗುಗಳಿವೆ. ಸೋತ ಗಂಟಲು ಪೂರ್ತಿ ತಳ್ಳದಿದ್ದರೆ ಅಲ್ಲಿ ಒಂದಿಷ್ಟು ಉಳಿಯುತ್ತದೆ. ನುಂಗಿ ಮುಗಿಯಿತು ಎಂದು ಉಸಿರು ಬಿಟ್ಟಾಗ ಅದು ಜಾರಿ ಮುಂದಿನ ಕೊಳವೆಗೆ ಬೀಳುತ್ತದೆ. ಅದಕ್ಕೇ ಒಂದೇ ಗುಟುಕಿಗೆ ಎರಡು ಸಲ ನುಂಗಿಸು ಎಂದು ನಾನು ಹೇಳುವುದು ಎಂದೆ. ಸೊಸೆ ಹಾಗೇ ಮಾಡಿಸುತ್ತಾಳೆ ಎಂದ. ಅಂಬಲಿ ಗಟ್ಟಿ ಇದೆಯೇ, ಇದೆ. ಕೂರಿಸಿ ಉಣಿಸುತ್ತೀರಾ, ಹೌದು. ನಾನು ಏನು ಕೇಳಿದರೂ ಹೌದು. ಮತ್ತೆ ತಪ್ಪು ಎಲ್ಲಿ?

ನಾನು ಕೆಲಸಕ್ಕೆ ಸೇರಿದ ಹೊತ್ತಿನಲ್ಲಿ ನೀರು ಎಲ್ಲಿಗೆ ಇಳಿಯಿತೆಂದು ತಿಳಿಯುವ ಉಪಾಯಗಳು ಕಡಿಮೆ ಇದ್ದವು. ಕೊರಳಿಗೆ ತೂತು ಮಾಡಿ ಉಸಿರಿನ ನಳಿಕೆ ಹಾಕಿದವರಲ್ಲಿ ಒಂದು ಪರೀಕ್ಷೆ ಮಾಡುತ್ತಿದ್ದೆವು. ತಿನ್ನುವ ನೀಲಿ ಬಣ್ಣವನ್ನು ನೀರಿಗೆ ಬೆರೆಸಿ ಒಂದು ಚಮಚೆ ಕೊಡುವುದು. ಕೊರಳ ನಳಿಕೆಯಿಂದ ಕಫ ಎಳೆದಾಗ ನೀಲಿ ಬಂದರೆ ನೀರು ದಾರಿ ತಪ್ಪಿದೆ ಎಂದು ಅರ್ಥ. ಒಮ್ಮೆ ಬಬಲೇಶ್ವರದ ಒಬ್ಬ ರೋಗಿಗೆ ಹೀಗೆ ಕೊಟ್ಟು, ಸಂಬಂಧಿಕರಿಗೆ ಮೊದಲೇ ತಿಳಿಸುವುದನ್ನು ಮರೆತೆ. ಅವನ ಅಣ್ಣ ಬಂದು ನೋಡುತ್ತಾನೆ, ತಮ್ಮನ ನಾಲಿಗೆ ನೀಲಿ, ತುಟಿ ನೀಲಿ, ಕೊರಳಿಂದ ಬರುವುದೂ ನೀಲಿ. ಹಾವು ಕಚ್ಚಿದವರನ್ನು ನೋಡಿದ ಮಂದಿ ಅವರು. ಲಕ್ವಾ ಅಂತ ತಂದರೆ ನೀವು ವಿಷ ಏರಿಸಿದ್ದೀರಿ ಎಂದು ವಾರ್ಡಿನ ಬಾಗಿಲಿಗೆ ಅಡ್ಡ ನಿಂತ. ಕಿವಿ ಮೂಗು ಗಂಟಲು ವಿಭಾಗದ ನಮ್ಮ ದೊಡ್ಡ ಡಾಕ್ಟರು ಬಂದರು. ಅವರು ಬೈಯಲಿಲ್ಲ. ಉಳಿದ ನೀಲಿ ನೀರನ್ನು ನನ್ನ ಕೈಗೆ ಕೊಟ್ಟು, "ಕುಡೀರಿ ಮಾಸ್ತರ, ಇವರ ಮುಂದ ಕುಡೀರಿ" ಎಂದರು. ಕುಡಿದೆ. ಅಣ್ಣ ನನ್ನ ನಾಲಿಗೆ ಚಾಚಿಸಿ ನೋಡಿ, ನಾನು ಸಾಯುತ್ತೇನೋ ಇಲ್ಲವೋ ಎಂದು ಸಂಜೆಯ ತನಕ ನನ್ನ ಕೋಣೆಯ ಮುಂದೆ ಕೂತ. ಮನೆಗೆ ಹೋದಾಗ ನನ್ನ ನೀಲಿ ಬಾಯಿ ನೋಡಿ ಹೆಂಡತಿಯೂ ಬಾಗಿಲಲ್ಲೇ ನಿಲ್ಲಿಸಿದಳು.

ವಾರ್ಡು ಬಹಳ ದಿನ ನಕ್ಕಿತು. ನಾನೂ ನಕ್ಕೆ. ಆದರೆ ಆ ರೋಗಿಯ ಕೊರಳಿಂದ ಬಂದ ನೀಲಿಯನ್ನು ನೆನೆಸಿದರೆ ನಗು ನಿಂತುಬಿಡುತ್ತಿತ್ತು. ಅವನು ಒಂದು ಸಲವೂ ಕೆಮ್ಮಿರಲಿಲ್ಲ.

ಅದರ ಪೂರ್ತಿ ಅರ್ಥ ತಿಳಿದದ್ದು ಕ್ಯಾಮೆರಾ ಬಂದ ಮೇಲೆ. ಸೇವಿಗೆಯಷ್ಟು ತೆಳ್ಳಗಿನ ಕೊಳವೆಯನ್ನು ಮೂಗಿನಿಂದ ಇಳಿಸಿ, ಗಂಟಲನ್ನು ಮೇಲಿಂದ ನೋಡುತ್ತ ರೋಗಿಗೆ ಹಾಲು ಕುಡಿಸುವುದು. ಅಲ್ಲಿಯ ತನಕ ದೊಡ್ಡ ಡಾಕ್ಟರಿಗೂ ನನಗೂ ಒಂದು ನಂಬಿಕೆ ಇತ್ತು: ತಪ್ಪು ದಾರಿಗೆ ಹೋದರೆ ಕೆಮ್ಮು ಬಂದೇ ಬರುತ್ತದೆ, ಕೆಮ್ಮದವನು ಕ್ಷೇಮ. ಆ ದಿನ ಪರದೆಯ ಮೇಲೆ ನೋಡಿದೆವು. ಹಾಲು ನಾಲಿಗೆಯ ಬುಡದಿಂದ ಇಳಿದು ಬಂತು. ಮುಚ್ಚಳ ಮಡಚುವ ಮೊದಲೇ ಅದರ ಅಂಚು ದಾಟಿತು. ಬೆಳ್ಳಗಿನ ಒಂದು ಎಳೆ ಧ್ವನಿತಂತುಗಳ ನಡುವಿನಿಂದ ಜಾರಿ ಕೆಳಗೆ ಹೋಯಿತು. ರೋಗಿ ನಮ್ಮ ಮುಖ ನೋಡುತ್ತ ಕೂತಿದ್ದ. ಕೆಮ್ಮಿಲ್ಲ. ಕಣ್ಣಲ್ಲಿ ನೀರಿಲ್ಲ. ಇನ್ನೂ ಕೊಡಿ ಎಂದು ಕೈ ಚಾಚಿದ.

ಗಂಟಲಿಗೂ ಸ್ಪರ್ಶ ಉಂಟು. ಲಕ್ವಾ ಹೊಡೆದವರಲ್ಲಿ ಕೆಲವರಿಗೆ ಅದು ಸತ್ತುಹೋಗಿರುತ್ತದೆ. ಕಾವಲುಗಾರನೇ ಇಲ್ಲದ ಬಾಗಿಲು ಅದು, ಕೂಗುವವರು ಯಾರು? ದೊಡ್ಡ ಡಾಕ್ಟರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕೆಮ್ಮಲಿಲ್ಲ ಅಂತ ನಾವು ಎಷ್ಟು ಮಂದಿಗೆ ಉಣ್ಣಾಕ ಹೇಳಿ ಮನೀಗೆ ಕಳಿಸೇವಿ ಮಾಸ್ತರ, ಎಂದು ಮೆಲ್ಲಗೆ ಕೇಳಿದರು. ಮಕ್ಕಳೇ, ಕೆಮ್ಮುವವರಿಗೆ ಹೆದರಬೇಡಿ. ಕೆಮ್ಮು ಅಂದರೆ ಒಳಗೆ ಯಾರೋ ಎಚ್ಚರ ಇದ್ದಾರೆ ಎಂದು ಅರ್ಥ. ಸುಮ್ಮನೆ ಕುಡಿದು ಸುಮ್ಮನೆ ಕೂತವರನ್ನು ನೋಡಿ ಹೆದರಿ.

ಕಾಶವ್ವ ಅಂಥವಳು. ಕ್ಯಾಮೆರಾದಲ್ಲಿ ನೋಡಿದ್ದೆವು. ಗದ್ದ ಎದೆಗಿಟ್ಟು ಕುಡಿದರೆ ನೀರು ನಾಲಿಗೆಯ ಹಿಂದೆ ಒಂದು ಕ್ಷಣ ನಿಲ್ಲುತ್ತಿತ್ತು, ಉಸಿರಿನ ದಾರಿಯ ಬಾಯಿ ಕಿರಿದಾಗುತ್ತಿತ್ತು, ಅವಳ ತಡವಾದ ಗಂಟಲಿಗೆ ಏಳಲು ಸಮಯ ಸಿಗುತ್ತಿತ್ತು. ಗದ್ದ ಎತ್ತಿದರೆ ನೀರು ಸೀದಾ ಎದೆಗೆ. ಕೆಮ್ಮು ಎರಡರಲ್ಲೂ ಇಲ್ಲ. ಅಂದರೆ ಮನೆಯಲ್ಲಿ ತಪ್ಪು ನಡೆದರೆ ಮನೆಯವರಿಗೆ ತಿಳಿಯುವ ದಾರಿಯೇ ಇಲ್ಲ.

ನಳಿಕೆಗೆ ಒಪ್ಪದ ಅವಳನ್ನು ಹಾಗೆಯೇ ಎರಡನೆಯ ಸಲ ಮನೆಗೆ ಕಳಿಸಿದ ಮಾರನೆಯ ದಿನವೇ ನಾನು ಹೊರಟೆ. ಬಬಲೇಶ್ವರದ ತನಕ ಬಸ್ಸು, ಅಲ್ಲಿಂದ ನಿಡೋಣಿಗೆ ಟಂಟಂ ರಿಕ್ಷಾ. ದಾರಿಯಲ್ಲೆಲ್ಲ ಒಂದೇ ಯೋಚನೆ: ಈಗ ಈ ಹೊತ್ತಿಗೆ ಅವಳು ಏನಾದರೂ ನುಂಗುತ್ತಿರಬಹುದು.

ಹೋದಾಗ ಊಟದ ಹೊತ್ತು. ಪಡಸಾಲೆಯಲ್ಲಿ ಕಾಶವ್ವ ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಕೂತಿದ್ದಳು. ಸೊಸೆ ರೇಣವ್ವ ಚಮಚೆಯಲ್ಲಿ ಅಂಬಲಿ ಕೊಡುತ್ತಿದ್ದಳು. ನಾನು ಕಲಿಸಿದ್ದಕ್ಕಿಂತ ಚೆನ್ನಾಗಿ. ಗದ್ದ ತಗ್ಗಿಸಿ, ಒಂದು ಗುಟುಕಿಗೆ ಎರಡು ಸಲ ನುಂಗಿಸಿ, ಬಾಯೊಳಗೆ ಉಳಿದಿದೆಯೇ ಎಂದು ಕೆನ್ನೆ ಎಳೆದು ನೋಡಿ. ನನಗೆ ಸಮಾಧಾನವಾಗಬೇಕಿತ್ತು. ಹೆದರಿಕೆ ಹೆಚ್ಚಾಯಿತು. ತಪ್ಪೇ ಕಾಣದಿದ್ದರೆ ನಳಿಕೆಯೇ ಗತಿ.

ಬಿಸಿಲಲ್ಲಿ ಬಂದವನಿಗೆ ರೇಣವ್ವ ಮಣ್ಣಿನ ಹರವಿಯಿಂದ ತಂಬಿಗೆಯಲ್ಲಿ ನೀರು ತುಂಬಿ ಕೊಟ್ಟಳು. ನಮ್ಮ ನಾನಿ ನೀರು ಕುಡಿಯುವುದನ್ನೂ ಎರಡು ಬಗೆಯಾಗಿ ಕಲಿಸಿದ್ದಳು. ಮನೆಯಲ್ಲಾದರೆ ಕೂತು, ತುಟಿ ಹಚ್ಚಿ, ಉಸಿರು ಬಿಟ್ಟು ಬಿಟ್ಟು ಗುಟುಕಾಗಿ. ಮಂದಿ ಮನೆಯಲ್ಲಾದರೆ ತಂಬಿಗೆ ಎಂಜಲಾಗದಂತೆ ಕತ್ತು ಹಿಂದಕ್ಕೆ ಚೆಲ್ಲಿ ಮೇಲಿಂದ ಸುರಿದುಕೊಂಡು. ಅಭ್ಯಾಸದಂತೆ ತಂಬಿಗೆ ಎತ್ತಿ ಗಟಗಟ ಸುರಿದುಕೊಂಡೆ, ಒಂದು ಹನಿಯೂ ಚೆಲ್ಲದಂತೆ. ಕೆಳಗಿಟ್ಟು ನೋಡಿದರೆ ಕಾಶವ್ವ ನನ್ನನ್ನು ಮೆಚ್ಚಿಕೊಂಡು ನೋಡುತ್ತಿದ್ದಾಳೆ. ಸಾಬರ ಹುಡುಗನಿಗೆ ಹಿರಿಯರು ನಡತೆ ಕಲಿಸಿದ್ದಾರೆ ಎನ್ನುವ ಹಾಗೆ. ಆಮೇಲೆ ತನ್ನ ಎಡಗೈ ಚಾಚಿ, ಅದೇ ತಂಬಿಗೆಯನ್ನು ತನ್ನ ಕಡೆ ಎಳೆದುಕೊಂಡಳು.

ಕತ್ತು ಹಿಂದಕ್ಕೆ ಚೆಲ್ಲಿದಳು. ಮೇಲಿಂದ ಸುರಿದುಕೊಂಡಳು.

ಈಗಲೂ ಅದು ಕಣ್ಣಿಗೆ ಕಟ್ಟಿದಂತಿದೆ. ಉಸಿರು ನಿಂತವರಿಗೆ ದಾರಿ ತೆರೆಯಲು ನಾವು ಕತ್ತನ್ನು ಹಿಂದಕ್ಕೆ ಬಾಗಿಸುತ್ತೇವೆ. ಅದೇ ಭಂಗಿ. ಉಸಿರಿನ ಕೊಳವೆ ಬಾಯಿ ತೆರೆದು ನಿಂತಿದೆ, ನೀರು ಧಾರೆಯಾಗಿ ಬೀಳುತ್ತಿದೆ, ಅವಳ ಕೊರಳ ಗಂಟು ಇನ್ನೂ ಅಲ್ಲಾಡಿಲ್ಲ. ಕೂಗಲು ಬಾಯಿ ತೆರೆದೆ. ಕೂಗಲಿಲ್ಲ. ಕೂಗಿದರೆ ಬೆಚ್ಚಿ ಉಸಿರು ಒಳಗೆಳೆದುಕೊಳ್ಳುತ್ತಾಳೆ, ಬಾಯಲ್ಲಿದ್ದದ್ದೆಲ್ಲ ಒಮ್ಮೆಗೇ ಎದೆಗೆ ಹೋಗುತ್ತದೆ. ಕೈ ಹಿಡಿದು ಎಳೆದರೂ ಅಷ್ಟೇ. ಅರ್ಧ ಎತ್ತಿದ ಕೈ ಹಾಗೇ ಬಿಟ್ಟು ಅವಳು ಮುಗಿಸುವ ತನಕ ಕಲ್ಲಿನಂತೆ ಕೂತೆ. ನನ್ನ ನೌಕರಿಯಲ್ಲಿ ಅಷ್ಟು ಉದ್ದದ ಹೊತ್ತು ಇನ್ನೊಂದಿಲ್ಲ.

ತಂಬಿಗೆ ಇಳಿಸಿದಳು. ಕೆಮ್ಮಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಯವ್ವಾ, ಒಮ್ಮೆ 'ಆ' ಅನ್ರಿ" ಎಂದೆ.

ಅಂದಳು. ದನಿಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ಧ್ವನಿತಂತುಗಳ ಮೇಲೆ ನೀರು ನಿಂತಾಗ ಬರುವ ದನಿ ಅದು, ಮುಳುಗಿದ ಕೊಡದೊಳಗಿಂದ ಬಂದ ಹಾಗೆ. ಅವಳನ್ನು ಮುಂದಕ್ಕೆ ಬಾಗಿಸಿ, ಬೇಕೆಂದೇ ಜೋರಾಗಿ ಕೆಮ್ಮಿಸಿದೆ, ಮತ್ತೆ ಮತ್ತೆ ಕೆಮ್ಮಿಸಿದೆ, ದನಿ ಸ್ವಲ್ಪ ತಿಳಿಯಾಗುವ ತನಕ. ಸೊಸೆ ಗಾಬರಿಯಾಗಿ ನಿಂತಿದ್ದಳು. ನೀರು ಅತ್ತೆ ತಾನೇ ತೊಗೋತಾಳ್ರಿ, ನೀರಿನಿಂದ ಏನಾಗತೈತಿ ಅಂತ ನಾವು ಬಿಟ್ಟೇವಿ ಎಂದಳು. ನೀರೇ ಎಲ್ಲಕ್ಕಿಂತ ಅಪಾಯ, ಅದು ಅಂಬಲಿಯಂತೆ ಕಾಯುವುದಿಲ್ಲ, ಬಾಗಿಲು ಮುಚ್ಚುವ ಮೊದಲೇ ಓಡುತ್ತದೆ ಎಂದು ನಾನು ಆಸ್ಪತ್ರೆಯಲ್ಲಿ ಹೇಳಿದ್ದೆ. ಆದರೆ ನೀರನ್ನು ಔಷಧದಂತೆ ಎಣಿಸುವ ಮನೆ ಯಾವುದಿದೆ?

ಆಸ್ಪತ್ರೆಯಲ್ಲಿ ಲೋಟಕ್ಕೆ ತುಟಿ ಹಚ್ಚಿ ಕುಡಿಯುತ್ತಿದ್ದಿರಲ್ಲ, ಇಲ್ಲಿ ಯಾಕೆ ಎತ್ತಿ ಕುಡಿಯುತ್ತೀರಿ ಎಂದು ಕಾಶವ್ವನನ್ನು ಕೇಳಿದೆ. ಆಸ್ಪತ್ರೆಯ ಭಾಂಡೆ ಆಸ್ಪತ್ರೆಯದು ಎಂದಳು. ಇದು ಮನಿ ತಂಬಿಗಿ, ನನ್ನ ಎಂಜಲಾ ಮನಿಮಂದಿಗೆ ಕುಡಿಸಲೇನು ಎಂದು ನನ್ನನ್ನೇ ಕೇಳಿದಳು. ಅಷ್ಟೇ ತಾನೆ, ನಿಮಗೇ ಒಂದು ಬೇರೆ ಲೋಟ ಇಡಿಸೋಣ ಎಂದೆ.

ಆಕೆ ಗೋಡೆಯ ಕಡೆ ಮುಖ ತಿರುಗಿಸಿದಳು. ಎಷ್ಟು ಕರೆದರೂ ತಿರುಗಲಿಲ್ಲ.

ರೇಣವ್ವ ನನ್ನನ್ನು ಅಂಗಳಕ್ಕೆ ಕರೆದು ಹೇಳಿದಳು. ಕಾಶವ್ವ ಈ ಮನೆಗೆ ಸೊಸೆಯಾಗಿ ಬಂದಾಗ ಅವಳ ಅತ್ತೆಗೆ ಕ್ಷಯ ಇತ್ತಂತೆ. ಕೊಟ್ಟಿಗೆಯ ಮೂಲೆಗೆ ಹಾಸಿಗೆ, ಒಂದು ಬೇರೆ ತಾಟು, ಒಂದು ಬೇರೆ ತಂಬಿಗೆ. ಆ ತಂಬಿಗೆಗೆ ತಾಗದಂತೆ ಮೇಲಿಂದ ನೀರು ಸುರಿಯುವ ಕೆಲಸ ಹೊಸ ಸೊಸೆಯದು. ಅತ್ತೆ ಹೋದ ದಿನ ತಂಬಿಗೆಯನ್ನೂ ಊರ ಹೊರಗೆ ಎಸೆದು ಬಂದರಂತೆ. "ಬ್ಯಾರೆ ತಂಬಿಗಿ ಅಂದ್ರ ಅಕಿಗೆ ಅದ ನೆಪ್ಪಾಗತೈತ್ರಿ. ಆಸ್ಪತ್ರಿಂದ ಬಂದ ದಿನಾನ ಹೇಳ್ಯಾಳ, ನನ್ನ ಭಾಂಡ್ಯಾ ಬ್ಯಾರೆ ಮಾಡಿದ ದಿನಾ ನಾ ಮುಗದೆ ಅಂತ ತಿಳೀರಿ ಅಂತ."

ಇದು ಹಟವಲ್ಲ. ಮನೆಯವಳಾಗಿ ಉಳಿಯಲು ಅವಳು ಆ ನೀರು ಕುಡಿಯುತ್ತಿದ್ದಾಳೆ, ಆ ನೀರೇ ಅವಳನ್ನು ಒಯ್ಯುತ್ತದೆ. ಸ್ಟ್ರಾ ಕೊಡಬಹುದು, ಅದೂ ಬೇರೆಯದೇ. ಚಮಚೆ, ಅದೂ ಬೇರೆಯದೇ. ಅವಳ ಬಾಯಿಗೆ ಬೇರೆಯಾಗಿ ಏನು ತಂದರೂ ಅವಳಿಗೆ ಕೊಟ್ಟಿಗೆಯೇ ಕಾಣುತ್ತದೆ. ಎತ್ತಿ ಕುಡಿಯುವುದು ಬೇಡ ಎಂದು ಒಪ್ಪಿಸಿ ಬಂದರೂ ನಾನು ಟಂಟಂ ಹತ್ತಿದ ಮೇಲೆ ಅವಳ ಕೈ ಹರವಿಯ ಕಡೆಗೇ ಹೋಗುತ್ತದೆ. ಯಾರೂ ಕೆಮ್ಮು ಕೇಳುವುದಿಲ್ಲ.

ಮಾಳಪ್ಪ ಕುರಿ ಹಟ್ಟಿಯಿಂದ ಬಂದು ಕಟ್ಟೆಯ ಮೇಲೆ ಕೂತಿದ್ದ. ಏನು ಮಾಡಬೇಕೆಂದು ತಿಳಿಯದೆ ಅವನ ಪಕ್ಕ ಕೂತೆ. ಮಾತಿಗೆ ಮಾತು ಎಂಬಂತೆ ಕೇಳಿದೆ, ಕುರಿ ಹೊಡೆದುಕೊಂಡು ದೂರ ಹೋದಾಗ ಇಬ್ಬರೂ ನೀರು ಹೇಗೆ ಕುಡಿಯುತ್ತಿದ್ದಿರಿ, ತಂಬಿಗೆ ಒಯ್ಯುತ್ತಿದ್ದಿರಾ.

"ತಂಬಿಗಿ ಎಲ್ಲೀದು? ಹಳ್ಳದಾಗ ಬಗ್ಗಿ, ಹಿಂಗ" ಎಂದು ಎರಡೂ ಕೈ ಕೂಡಿಸಿ ಬೊಗಸೆ ಮಾಡಿ, ಅದರೊಳಗೆ ಮುಖ ಇಳಿಸಿದ.

ಅವನ ಗದ್ದ ಎದೆಗೆ ತಾಗಿತ್ತು. ನಾನು ಅದನ್ನೇ ನೋಡಿದೆ.

ಬೊಗಸೆಯಲ್ಲಿ ಕುಡಿಯುವವನು ಕತ್ತು ಹಿಂದಕ್ಕೆ ಚೆಲ್ಲಲಾರ. ಬೊಗಸೆಗೆ ಎಂಜಲೂ ಇಲ್ಲ, ಕೈ ತೊಳೆದರೆ ಆಯಿತು. ಮನೆಯ ತಂಬಿಗೆಯಿಂದಲೇ ಸುರಿಯಬಹುದು. ಆದರೆ ಮೇಲಿಂದ ಸುರಿದು ಬೊಗಸೆಗೆ ಕುಡಿಸುವುದು ನಮ್ಮ ಊರುಗಳಲ್ಲಿ ಯಾರಿಗೆ, ಯಾವ ಅರ್ಥದಲ್ಲಿ ನಡೆದು ಬಂದಿತ್ತು ಎಂಬುದು ನನಗೆ ಗೊತ್ತು, ಕಾಶವ್ವನಿಗೂ ಗೊತ್ತು. ಅವಳಿಗೆ ಹೇಗೆ ಹೇಳುವುದು? ಜತೆಗೆ ಅವಳಿಗೆ ಇರುವುದು ಒಂದೇ ಕೈ, ಬೊಗಸೆ ಆಗುವುದಾದರೂ ಹೇಗೆ? ಎರಡನ್ನೂ ಮಾಳಪ್ಪನಿಗೆ ಹೇಳಿದೆ. ಅವನು ಕೈ ತೊಳೆದುಕೊಂಡು ಒಳಗೆ ಹೋದ. ಹೆಂಡತಿಯ ಬಲಗಡೆ, ಬಿದ್ದುಹೋದ ಕೈಯ ಕಡೆ, ಅಂಟಿಕೊಂಡು ಕೂತ. ತನ್ನ ಒಂದು ಕೈಯನ್ನು ಅವಳ ಎಡಗೈಯ ಪಕ್ಕಕ್ಕೆ ತಂದು ಕೂಡಿಸಿದ.

"ಹಳ್ಳಕ್ಕ ಬಂದೇವಿ ಅಂತ ತಿಳಿ" ಎಂದ.

ಕಾಶವ್ವ ಗೋಡೆಯ ಕಡೆಯಿಂದ ತಿರುಗಿ ಆ ಬೊಗಸೆಯನ್ನು ನೋಡಿದಳು. ಅರ್ಧ ಅವಳದು, ಅರ್ಧ ಅವನದು. ಕೈ ಹಿಂದೆಗೆಯಲಿಲ್ಲ. ನಾನು ರೇಣವ್ವನಿಗೆ ಸನ್ನೆ ಮಾಡಿದೆ. ಅವಳು ಅದೇ ತಂಬಿಗೆಯಿಂದ ಒಂದೇ ಗುಟುಕಿನಷ್ಟು ಸುರಿದಳು.

ನಾನು ಕಾಶವ್ವನ ಕೊರಳಿಗೆ ನಾಲ್ಕು ಬೆರಳು ಹಚ್ಚಿದೆ. ತೋರುಬೆರಳು ಗದ್ದದ ಅಡಿ, ಕಿರುಬೆರಳು ಗಂಟಲ ಗಂಟಿನ ಕೆಳಗೆ. ಅವಳು ಬಗ್ಗಿದಳು. ಬೊಗಸೆಯ ಅಂಚಿನಿಂದ ಹೀರಿದಳು. ತೋರುಬೆರಳಿನ ಅಡಿ ನಾಲಿಗೆ ಅಲ್ಲಾಡಿತು. ಆಮೇಲೆ ಏನೂ ಇಲ್ಲ. ನೀರು ಈಗ ಎಲ್ಲಿದೆ, ಯಾವ ಬಾಗಿಲಲ್ಲಿ ನಿಂತಿದೆ, ಬೆರಳಿಗೆ ತಿಳಿಯುವುದಿಲ್ಲ. ಕ್ಯಾಮೆರಾ ಇಲ್ಲ. ನಾನೂ ಉಸಿರು ಹಿಡಿದಿದ್ದೆ. ಅಷ್ಟರಲ್ಲಿ ಗಂಟು ನಿಧಾನವಾಗಿ ಎದ್ದು, ನನ್ನ ಬೆರಳನ್ನು ದಾಟಿ, ಮತ್ತೆ ಇಳಿಯಿತು. ಕೇಳದೆಯೇ ಇನ್ನೊಮ್ಮೆ ನುಂಗಿದಳು.

ಕೆಮ್ಮಿಲ್ಲ. ಆದರೆ ಕೆಮ್ಮಿಲ್ಲದ್ದನ್ನು ನಾನು ನಂಬುವವನಲ್ಲ.

'ಆ' ಅನ್ನಿ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವಳು ಗಂಡನ ಕಡೆ ತಿರುಗಿ ಮೂಗು ಮುರಿದಳು.

"ನಿನ್ನ ಕೈ ಕುರಿ ನಾತ ಹೊಡೀತೈತಿ."

ರೇಣವ್ವ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು. ಮಾಳಪ್ಪ, ತೊಳದೇನಿ ಬೇ, ಎಂದು ಗೊಣಗಿದ. ನಾನು ನಗಲಿಲ್ಲ. ಕಿವಿಗೊಟ್ಟು ಕೂತಿದ್ದೆ.

"ಯವ್ವಾ, ಈಗ ಅಂದಿದ್ದನ್ನ ಇನ್ನೊಮ್ಮೆ ಅನ್ರಿ" ಎಂದೆ.

ಇವನಿಗೇನಾಗಿದೆ ಎಂಬಂತೆ ನನ್ನನ್ನು ನೋಡಿ, ಸೊಟ್ಟ ಬಾಯಲ್ಲೇ, ಒಂದೊಂದು ಮಾತನ್ನೂ ಬಿಡಿಬಿಡಿಸಿ, ಜೋರಾಗಿ ಮತ್ತೆ ಅಂದಳು. ದನಿ ಒಣಗಿತ್ತು. ಅದರಲ್ಲಿ ಒಂದು ಹನಿಯೂ ನೀರಿರಲಿಲ್ಲ.